ಫಿಲ್ಮಿನ ಗೆರೆ, ಪೈಪಿನ ಬಿರುಕು

ನಿವೃತ್ತಿಯಾದ ಮೇಲೆ ಒಮ್ಮೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಬೆಸುಗೆ ಪರೀಕ್ಷೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ಈಗ ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಪರದೆಯ ಮೇಲೆ ಒಂದು ಪೈಪಿನ ಬೆಸುಗೆಯ ಚಿತ್ರವಿತ್ತು. ಒಬ್ಬ ಹುಡುಗಿ ಮೌಸ್ ಹಿಡಿದು ಚಿತ್ರದ ಕಪ್ಪು ಬಿಳುಪನ್ನು ಅತ್ತ ಸರಿಸಿದಳು, ಒಂದು ಗೆರೆ ಕಾಣಿಸಿತು. ಇತ್ತ ಸರಿಸಿದಳು, ಗೆರೆ ಮಾಯವಾಯಿತು. "ಮೇಡಂ, ಇದರಲ್ಲಿ ಯಾವುದು ನಿಜ?" ಎಂದು ಕೇಳಿದಳು. ಪಕ್ಕದವನು, "ಎರಡೂ ನಿಜವೇ. ನೋಡುವವರ ಮೇಲೆ ಹೋಗುತ್ತೆ," ಎಂದ. ಇಡೀ ಕ್ಲಾಸು ನಕ್ಕಿತು.

ನನಗೆ ನಗು ಬರಲಿಲ್ಲ. "ನೀನು ಮೌಸ್ ಎಳೆದರೆ ಚಿತ್ರ ಬದಲಾಗುತ್ತೆ, ಪೈಪ್ ಬದಲಾಗಲ್ಲಮ್ಮಾ," ಎಂದೆ. ಅವರು ಅದನ್ನು ಬರೆದುಕೊಂಡರು. ಬರೆದುಕೊಂಡರೆ ಅರ್ಥವಾಯಿತು ಎಂದಲ್ಲ, ಅದು ನನಗೂ ಗೊತ್ತು. ಅದಕ್ಕೇ ಈ ಬರಹ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇರುವುದಿಲ್ಲ. ನಾನು ಯಾರ ಜೊತೆ ಜಗಳವಾಡಿದೆ ಎಂಬುದು ಇರುತ್ತದೆ. ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ಜಗಳದಲ್ಲಿ ನಾನು ಗೆದ್ದೆ. ವಿನಯ ಬೇಕಾದವರು ಬೇರೆ ಯಾರದಾದರೂ ಅನುಭವವನ್ನು ಓದಿಕೊಳ್ಳಬಹುದು.

ನಾನು ಗದಗಿನವಳು. ಯಜಮಾನರದು ಬ್ಯಾಂಕಿನ ಕೆಲಸ. ಅವರಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ನಾನೂ ಅಲ್ಲೇ ಒಂದು ಕಾರ್ಖಾನೆಗೆ ಸೇರಿದೆ. ಹೆಚ್ಚು ಒತ್ತಡದ ಉಗಿ ಹರಿಯುವ ಪೈಪುಗಳನ್ನು ಜೋಡಿಸುವ ಕಾರ್ಖಾನೆ ಅದು. ಎರಡು ಪೈಪುಗಳ ಬಾಯಿ ಕೂಡಿಸಿ ಬೆಸುಗೆ ಹಾಕುತ್ತಾರೆ. ಮೇಲೆ ಎಷ್ಟೇ ಚೆಂದ ಕಂಡರೂ ಒಳಗೆ ಗಾಳಿಗುಳ್ಳೆ ಕೂತಿರಬಹುದು, ಕಿಟ್ಟ ಸಿಕ್ಕಿಕೊಂಡಿರಬಹುದು, ಬಿರುಕು ಬಿಟ್ಟಿರಬಹುದು. ಆಸ್ಪತ್ರೆಯಲ್ಲಿ ಎಲುಬಿಗೆ ಎಕ್ಸ್‌ರೇ ತೆಗೆಯುವಂತೆ ಇಲ್ಲಿ ಬೆಸುಗೆಗೆ ತೆಗೆಯುತ್ತಾರೆ. ಆ ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ನೋಡಿ, ಜಾಯಿಂಟ್ ಪಾಸೋ ಫೇಲೋ ಎಂದು ಹೇಳುವುದು ನನ್ನ ಕೆಲಸ. ಫೇಲ್ ಎಂದರೆ ಬೆಸುಗೆಯವನು ಅದನ್ನು ಕಿತ್ತು ಮತ್ತೆ ಹಾಕಬೇಕು. ಪಾಸ್ ಎಂದರೆ ಉಗಿ ಹರಿಯುತ್ತದೆ, ಪಕ್ಕದಲ್ಲಿ ಜನ ಓಡಾಡುತ್ತಾರೆ. ಇಷ್ಟೇ ಕೆಲಸ. ಮನೆಯಲ್ಲಿ ಮಗಳು ಮಾತ್ರ, "ಅಮ್ಮ ದಿನವೂ ಕತ್ತಲೆ ಕೋಣೆಯಲ್ಲಿ ಕೂತು ಸಿನಿಮಾ ನೋಡುತ್ತಾಳೆ," ಎಂದು ತನ್ನ ಗೆಳತಿಯರಿಗೆ ತೆಲುಗಿನಲ್ಲಿ ಹೇಳಿಕೊಂಡು ಬಂದಿದ್ದಳು.

ಕೆಲಸ ಕಲಿಸಿದವರು ಶೇಷಗಿರಿರಾವ್‌ಗಾರು, ನನ್ನ ಮೊದಲ ಮೇಲಧಿಕಾರಿ. ಅವರ ತೆಲುಗನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅರ್ಧ ಸೊಗಸು ಹೋಗಿಯೇ ಹೋಗುತ್ತದೆ. ಹೊರಗಿನ ಬಿಸಿಲಿನಿಂದ ಬಂದವಳನ್ನು ಅವರು ತಕ್ಷಣ ಫಿಲ್ಮ್ ಮುಟ್ಟಲು ಬಿಡುತ್ತಿರಲಿಲ್ಲ. "ಕೂತ್ಕೋಮ್ಮಾ, ಕಣ್ಣು ಕತ್ತಲಿಗೆ ಒಗ್ಗಲಿ," ಎಂದು ಕೂರಿಸಿ, ಮನೆಯಲ್ಲಿ ಏನು ಅಡುಗೆ, ಮೀನು ತಿನ್ನದವರು ಸಮುದ್ರದ ಊರಿನಲ್ಲಿ ಹೇಗೆ ಬದುಕುತ್ತೀರಿ ಎಂದೆಲ್ಲ ಹರಟುತ್ತಿದ್ದರು. ಕಣ್ಣು ಒಗ್ಗಿದ ಮೇಲೆ ಕೆಲಸ ಶುರು.

ಅವರದೊಂದು ಪದ್ಧತಿ ಇತ್ತು. ಪ್ರತಿ ಬೆಸುಗೆಯವನಿಗೂ ಒಂದು ನಂಬರು ಇರುತ್ತದೆ. ಎಕ್ಸ್‌ರೇ ತೆಗೆಯುವಾಗ ಆ ನಂಬರನ್ನು ಸೀಸದ ಅಂಕಿಗಳಲ್ಲಿ ಜಾಯಿಂಟಿನ ಪಕ್ಕ ಇಡುತ್ತಾರೆ. ಫಿಲ್ಮಿನ ಮೂಲೆಯಲ್ಲಿ ಅದು ಬೆಳ್ಳಗೆ ಮೂಡುತ್ತದೆ. ಶೇಷಗಿರಿರಾವ್‌ಗಾರು ಫಿಲ್ಮನ್ನು ಪೆಟ್ಟಿಗೆಯ ಮೇಲಿಟ್ಟ ತಕ್ಷಣ ಆ ಮೂಲೆಗೆ ಒಂದು ಕಪ್ಪು ಕಾಗದದ ಪಟ್ಟಿ ಮುಚ್ಚುತ್ತಿದ್ದರು. ತೀರ್ಮಾನವನ್ನು ಬಾಯಿಬಿಟ್ಟು ಹೇಳಿದ ಮೇಲೇ ಪಟ್ಟಿ ತೆಗೆಯಬೇಕು. "ಮೊದಲು ಬೆಸುಗೆ ನೋಡಮ್ಮಾ, ಬೆಸುಗೆಯವನನ್ನು ಆಮೇಲೆ ನೋಡುವಿಯಂತೆ," ಎನ್ನುತ್ತಿದ್ದರು. ಮೊದಲ ವಾರ ಇದು ಮುದುಕರ ಹುಚ್ಚಾಟ ಎಂದುಕೊಂಡಿದ್ದೆ. ಕೆಲಸ ಮಾಡುತ್ತಾ ತಿಳಿಯಿತು, ನಂಬರು ಕಂಡರೆ ನಮ್ಮ ಕಣ್ಣು ಪಕ್ಷ ವಹಿಸುತ್ತದೆ. ನಮಸ್ಕಾರ ಮಾಡುವವನ ಫಿಲ್ಮಿನಲ್ಲಿ ಕಿಟ್ಟ ಕಾಣುವುದಿಲ್ಲ, ಎದುರು ಮಾತಾಡುವವನ ಫಿಲ್ಮಿನಲ್ಲಿ ಧೂಳೂ ಕಾಣುತ್ತದೆ. ಅಷ್ಟೇಕೆ, ತಿಂಗಳ ಕೊನೆಯಲ್ಲಿ ಸರಕು ಹೋಗಲೇಬೇಕಾದ ಅವಸರ ಇದ್ದಾಗ ಎಲ್ಲರ ಜಾಯಿಂಟೂ ಚೆನ್ನಾಗಿಯೇ ಕಾಣುತ್ತದೆ.

ತಮ್ಮ ಹಳೆಯ ಎಡವಟ್ಟೊಂದನ್ನು ಅವರೇ ಹೇಳಿ ನಗಿಸುತ್ತಿದ್ದರು. ವಯಸ್ಸಿನಲ್ಲಿ ಒಮ್ಮೆ ಫಿಲ್ಮಿನಲ್ಲಿ ಬಿದಿಗೆ ಚಂದ್ರನಂಥ ಕಪ್ಪು ಗೆರೆ ಕಂಡು ಬಿರುಕು ಎಂದು ಬರೆದರಂತೆ. ಬೆಸುಗೆಯವನು ಗ್ರೈಂಡರಿನಲ್ಲಿ ಉಜ್ಜಿ ನೋಡಿದ, ಸಿಗಲಿಲ್ಲ. ಇನ್ನೂ ಆಳಕ್ಕೆ ಉಜ್ಜು ಎಂದರು, ಸಿಗಲಿಲ್ಲ. ಇನ್ನೂ ಉಜ್ಜು ಎಂದರು. ಕೊನೆಗೆ ಪೈಪಿನ ಆಚೆ ಬದಿಯ ಬೆಳಕು ಕಂಡಿತು. ಆಮೇಲೆ ನೋಡಿದರೆ, ಫಿಲ್ಮ್ ತೊಳೆಯುವಾಗ ಅವರದೇ ಹೆಬ್ಬೆರಳ ಉಗುರು ಒತ್ತಿ ಮೂಡಿದ ಗುರುತು ಅದು. "ಇಲ್ಲದ ಬಿರುಕನ್ನು ಹುಡುಕಿ ಹುಡುಕಿ ಇದ್ದ ಪೈಪಿಗೆ ತೂತು ಮಾಡಿದೆವಮ್ಮಾ," ಎಂದು ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದರು. ಫಿಲ್ಮಿನ ಮೇಲೆ ಇರುವುದೆಲ್ಲ ಪೈಪಿನಲ್ಲಿ ಇರುವುದಿಲ್ಲ ಎಂಬುದು ನನಗೆ ಹೀಗೆ ನಗುತ್ತಲೇ ತಲೆಗೆ ಹತ್ತಿತು.

ಈಗ ಅಪ್ಪಲರಾಜುವಿನ ವಿಷಯಕ್ಕೆ ಬರುತ್ತೇನೆ. ವಿಶಾಖಪಟ್ಟಣದ ನಮ್ಮ ಕಾರ್ಖಾನೆಯಲ್ಲಿ ಬೆಸುಗೆಯವರೆಲ್ಲ ಒಂದು ತೂಕವಾದರೆ ಅವನೊಬ್ಬನೇ ಒಂದು ತೂಕ. ಊಟದ ಹೊತ್ತಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಕಾಲರ್ ಎತ್ತಿಕೊಂಡು ಅಂಗಳದಲ್ಲಿ ಸುತ್ತುತ್ತಿದ್ದ. ತನ್ನ ಬೆಸುಗೆಯ ಮೇಲೆ ಬೆರಳಾಡಿಸಿದರೆ ಎಲ್ಲಿ ಜೋಡಿಸಿದ್ದು ಎಂದು ಬೆರಳಿಗೇ ಗೊತ್ತಾಗುವುದಿಲ್ಲ ಎಂದು ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದ. ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನಿಗೂ ನಾನೆಂದರೆ ಅಷ್ಟಕ್ಕಷ್ಟೇ.

ಒಂದು ದಿನ ಪಟ್ಟಿ ಮುಚ್ಚಿಕೊಂಡು ನೋಡುತ್ತಿದ್ದಾಗ ಒಂದು ಜಾಯಿಂಟಿನ ಬುಡದಲ್ಲಿ, ಅಂದರೆ ಪೈಪಿನ ಒಳ ಅಂಚಿನಲ್ಲಿ, ನೆಟ್ಟಗಿನ ಕಪ್ಪು ಗೆರೆ ಕಂಡಿತು. ಲೋಹ ಅಲ್ಲಿ ಕರಗಿ ಕೂಡಿಕೊಂಡಿಲ್ಲ ಎಂದರ್ಥ. ಫೇಲ್ ಎಂದೆ. ಪಟ್ಟಿ ತೆಗೆದರೆ ಅಪ್ಪಲರಾಜುವಿನ ನಂಬರು. ಸುದ್ದಿ ಮುಟ್ಟಿದ್ದೇ ತಡ, ಅವನು ಕತ್ತಲೆ ಕೋಣೆಯ ಬಾಗಿಲಿಗೆ ಬಂದು ನಿಂತ.

"ನನ್ನ ಪಾಲಿಗೆ ಅದು ಒಳ್ಳೆ ಜಾಯಿಂಟು ಮೇಡಂಗಾರು. ನಿಮ್ಮ ಪಾಲಿಗೆ ಕೆಟ್ಟದ್ದು. ನಿಮ್ಮ ಮಾತೇ ಯಾಕೆ ನಡೀಬೇಕು?"

"ನನ್ನ ಮಾತು ನಡೆಯೋದು ಬೇಡ, ನಿನ್ನದೂ ಬೇಡ," ಎಂದೆ. "ಉಜ್ಜಿ ನೋಡೋಣ ಬಾ."

ಎಲ್ಲರೆದುರು ಉಜ್ಜಿಸಿದೆ. ಬುಡಕ್ಕೆ ಬಂದಾಗ ಕೂದಲೆಳೆಯಂಥ ಸಂದು ಬಾಯಿ ಬಿಟ್ಟುಕೊಂಡು ಕೂತಿತ್ತು. ಅವನು ಮುಖವಾಡ ಎಳೆದುಕೊಂಡು ಮತ್ತೆ ಬೆಸುಗೆ ಹಾಕಿದ, ಅದರ ಫಿಲ್ಮ್ ಮಾತ್ರ ತೊಳೆದಿಟ್ಟಷ್ಟು ಸ್ವಚ್ಛವಾಗಿ ಬಂತು. ಅವತ್ತಿನಿಂದ ನನ್ನ ಬೆನ್ನ ಹಿಂದೆ ಅವನು ನನ್ನನ್ನು ಕನ್ನಡಮ್ಮ ಎಂದು ಕರೆಯಲು ಶುರು ಮಾಡಿದ, ಹೊಗಳಿಕೆಗಲ್ಲ. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ಕೆಲವು ವರ್ಷಗಳ ಮೇಲೆ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಯಿತು. ಬೆಂಜ್ ಸರ್ಕಲ್ ಹತ್ತಿರದ ಒಂದು ಓಣಿಯಲ್ಲಿ ಮನೆ ಮಾಡಿದೆವು. ನನಗೆ ಕೊಂಡಪಲ್ಲಿಯ ಕಡೆ ಇದ್ದ ಒಂದು ಖಾಸಗಿ ಕಾರ್ಖಾನೆಯಲ್ಲಿ ಅದೇ ಕೆಲಸ ಸಿಕ್ಕಿತು. ಬೆಳಿಗ್ಗೆ ಸರ್ಕಲ್ಲಿನ ಗದ್ದಲದಲ್ಲಿ ನಿಂತು ಕಂಪನಿ ಬಸ್ಸು ಹಿಡಿಯಬೇಕು. ಅಲ್ಲಿನ ಮ್ಯಾನೇಜರು ನಮ್ಮ ಧಾರವಾಡದ ಕಡೆಯ ಹಿರೇಮಠರು. ಮೊದಲ ದಿನ, "ಬರ್ರಿ ಶಾಂತಕ್ಕಾರ, ನಮ್ಮ ಮಾತು ಕೇಳದ ಕಿವಿ ಒಣಗಿ ಹೋಗಿದ್ವು," ಎಂದು ಅವರು ಎದ್ದು ನಿಂತಾಗ ನನಗೆ ತವರಿಗೆ ಬಂದಷ್ಟು ಖುಷಿಯಾಗಿತ್ತು. ಅವರ ಮೇಜಿನ ಮೇಲೆ ಒಂದು ಕೊಂಡಪಲ್ಲಿ ಗೊಂಬೆ, ತಾಳೆಮರ ಹತ್ತುವವನದು. ಮನೆಯಿಂದ ತಂದ ಶೇಂಗಾ ಹೋಳಿಗೆಯನ್ನು ಹಂಚಿಯೇ ತಿನ್ನುವ ಮನುಷ್ಯ. ಒಂದು ಚಟ ಮಾತ್ರ ಇತ್ತು, ವಾದ ಮಾಡುವುದು.

"ಖರೇ ಅನ್ನೂದು ಒಂದ ಇರೂದಿಲ್ರಿ ಶಾಂತಕ್ಕಾರ," ಎನ್ನುತ್ತಿದ್ದರು. "ನೋಡ್ರಿ, ಈ ಕಂಪನಿ ನಿಯಮದಾಗ ಇಷ್ಟು ದೊಡ್ಡ ಗುಳ್ಳಿ ಇದ್ರ ಪಾಸ್. ಇನ್ನೊಂದು ಕಂಪನಿ ನಿಯಮದಾಗ ಅದ ಗುಳ್ಳಿ ಫೇಲ್. ಜಾಯಿಂಟ್ ಒಂದ, ಇಲ್ಲಿ ಚಲೋ, ಅಲ್ಲಿ ಕೆಟ್ಟ. ಹಂಗಂದ್ರ ಚಲೋ ಕೆಟ್ಟ ಅನ್ನೂದು ನಾವು ಕೂತು ಮಾಡ್ಕೊಂಡದ್ದ ಅಲ್ಲೇನ್ರಿ?"

ಒಪ್ಪಬೇಕಾದ ಮಾತೇ. ಎಷ್ಟನ್ನು ಸಹಿಸಬಹುದು ಎಂಬುದನ್ನು ಮನುಷ್ಯರೇ ಕೂತು ಗೊತ್ತುಮಾಡಿದ್ದು, ಅದು ಊರಿಂದೂರಿಗೆ ಬದಲಾಗುತ್ತದೆ. ಆದರೆ ಅಲ್ಲಿ ಗುಳ್ಳೆ ಇದೆಯೋ ಇಲ್ಲವೋ ಎಂಬುದನ್ನು ಯಾರೂ ಕೂತು ಗೊತ್ತುಮಾಡಿಲ್ಲ. ನಾನು ಇಷ್ಟು ಹೇಳಿದರೆ ಅವರು ನಕ್ಕು ಇನ್ನೊಂದು ಹೋಳಿಗೆ ಮುಂದೆ ತಳ್ಳುತ್ತಿದ್ದರು. ಹೋಳಿಗೆ ತಿನ್ನುತ್ತಾ ಇಂಥ ವಾದ ಮಾಡುವುದು ಸುಲಭ, ಯಾರಿಗೂ ನೋವಾಗುವುದಿಲ್ಲ.

ಅಪ್ಪಲರಾಜು ಆ ಕಾರ್ಖಾನೆಗೂ ಬಂದು ಸೇರಿಕೊಂಡಿದ್ದ. ಕ್ಯಾಂಟೀನಿನಲ್ಲಿ ನನ್ನನ್ನು ಕಂಡು, "ಓಹೋ, ಕನ್ನಡಮ್ಮ ಇಲ್ಲಿಗೂ ಬಂದ್ರಾ," ಎಂದು ಪಕ್ಕದವನಿಗೆ ಹೇಳಿ ಕನ್ನಡಕ ಏರಿಸಿಕೊಂಡ. ಆಗ ಒಂದು ವಿದ್ಯುತ್ ಕೇಂದ್ರಕ್ಕೆ ಹೋಗಬೇಕಾದ ಉಗಿ ಪೈಪುಗಳ ಕೆಲಸ ನಡೆಯುತ್ತಿತ್ತು. ಅದನ್ನು ಕೊಳ್ಳುವ ಕಂಪನಿಯ ಇನ್‌ಸ್ಪೆಕ್ಟರ್ ಮೂರ್ತಿಗಾರು ನಮ್ಮಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಲ್ಲಿ ಎಕ್ಸ್‌ರೇ ತೆಗೆಯುವುದು ಹೊರಗಿನ ಒಂದು ಏಜೆನ್ಸಿ. ಫಿಲ್ಮನ್ನು ಮೊದಲು ಅವರ ಮನುಷ್ಯ ಓದುತ್ತಿದ್ದ, ಆಮೇಲೆ ನಾನು ನೋಡಿ ಒಪ್ಪಬೇಕಿತ್ತು.

ತಂಗಿಯ ಮಗಳ ಮದುವೆಗೆಂದು ಗದಗಿಗೆ ಹೋಗಿ ಬರುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿದುಹೋಗಿತ್ತು. ಅಪ್ಪಲರಾಜುವಿನ ಮೂರು ಜಾಯಿಂಟುಗಳಲ್ಲಿ ಬಿರುಕು ಇದೆ ಎಂದು ಏಜೆನ್ಸಿಯವನು ಬರೆದಿದ್ದ. ನಾನಿಲ್ಲದ್ದರಿಂದ ಹಿರೇಮಠರೇ ಸಹಿ ಹಾಕಿ ಮೂರ್ತಿಗಾರಿಗೆ ಕೊಟ್ಟಿದ್ದರು. ಗಾಳಿಗುಳ್ಳೆ ಬಂದರೆ ಬೆಸುಗೆಯವನಿಗೆ ಬೈಗುಳ ಅಷ್ಟೇ. ಬಿರುಕು ಹಾಗಲ್ಲ. ಗುಳ್ಳೆ ಇದ್ದಷ್ಟೇ ಇರುತ್ತದೆ, ಬಿರುಕು ಬೆಳೆಯುತ್ತದೆ. ಮೂರು ಬಿರುಕಿನವನ ಅರ್ಹತೆಯ ಕಾರ್ಡನ್ನು ರದ್ದು ಮಾಡಿ ಗೇಟಿನಾಚೆ ಕಳಿಸುವುದು ಎಂದು ತೀರ್ಮಾನವಾಗಿತ್ತು. ವಿಜಯವಾಡದಿಂದ ವಿಶಾಖಪಟ್ಟಣದವರೆಗೆ ಬೆಸುಗೆಯ ಲೋಕ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಬಿರುಕಿನ ಹೆಸರು ಹೊತ್ತವನಿಗೆ ಒತ್ತಡದ ಪೈಪಿನ ಕೆಲಸವನ್ನು ಆಮೇಲೆ ಯಾರೂ ಕೊಡುವುದಿಲ್ಲ. ಕಿಟಕಿಗೆ ಸರಳು, ಅಂಗಡಿಗೆ ಷಟರು, ಅಷ್ಟೇ ಅವನ ಪಾಲಿಗೆ.

ನಾನು ಕೆಲಸಕ್ಕೆ ಮರಳಿದ ದಿನ ಅಪ್ಪಲರಾಜು ನನ್ನ ಕೋಣೆಯ ಬಾಗಿಲಿಗೆ ಬಂದ. ಕನ್ನಡಕ ಇರಲಿಲ್ಲ. ಅವನ ಕಣ್ಣುಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಅಮ್ಮಾ, ಆ ಫಿಲ್ಮು ನೀವೊಂದ್ಸಲ ನೋಡಿ," ಎಂದ. "ನೀವು ಬಿರುಕು ಅಂದ್ರೆ ನಾನೇ ಸಾಮಾನು ಕಟ್ಕೊಂಡು ಹೋಗ್ತೀನಿ. ಒಂದು ಮಾತೂ ಆಡಲ್ಲ."

"ನಾನೇ ಯಾಕೆ? ನಾನು ನಿನ್ನ ಜಾಯಿಂಟ್ ಫೇಲ್ ಮಾಡಿದವಳು."

"ಅದಕ್ಕೇ," ಎಂದ. "ಆವತ್ತು ನೀವು ನನ್ನ ಬಿಡಲಿಲ್ಲ. ಸುಮ್ಮನೆ ಬಿಟ್ಟುಬಿಡೋರ ಮಾತು ನನಗೀಗ ಉಪಯೋಗಕ್ಕೆ ಬರಲ್ಲಮ್ಮಾ."

ಫಿಲ್ಮುಗಳನ್ನು ತರಿಸಿದೆ. ಮೂರೂ ಅವನವೇ ಎಂದು ಗೊತ್ತಿದ್ದರೂ ಕೈ ತಾನಾಗಿಯೇ ಮೂಲೆಗೆ ಪಟ್ಟಿ ಮುಚ್ಚಿತು. ಮೊದಲನೆಯದರಲ್ಲಿ ಗೆರೆ ಇತ್ತು. ತೆಳುವಾಗಿ, ಕಪ್ಪಗೆ, ಕೊನೆಯಲ್ಲಿ ಸ್ವಲ್ಪ ಬಾಗಿ, ಬಿರುಕಿನ ಹಾಗೆಯೇ ಇತ್ತು. ಏಜೆನ್ಸಿಯವನನ್ನು ತಪ್ಪೆನ್ನಲು ಬರುವಂತಿರಲಿಲ್ಲ. ಎರಡನೆಯದರಲ್ಲೂ ಗೆರೆ, ಮೂರನೆಯದರಲ್ಲೂ ಗೆರೆ. ಸೊಕ್ಕಿನವನಿಗೆ ಸರಿಯಾಗಿ ಆಯಿತು ಎಂದು ಒಳಗೆಲ್ಲೋ ಒಂದು ದನಿ ಹೇಳಿದ್ದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ಬಾಗು ನನ್ನ ಕಣ್ಣನ್ನು ಬಿಡಲಿಲ್ಲ. ಮೂರರಲ್ಲೂ ಗೆರೆಯ ಬಾಲ ಒಂದೇ ಬದಿಗೆ, ಒಂದೇ ರೀತಿ ಬಾಗಿತ್ತು. ಮೂರು ಫಿಲ್ಮುಗಳನ್ನೂ ಅಂಚಿಗೆ ಅಂಚು ಹೊಂದಿಸಿ ಒಂದರ ಮೇಲೊಂದು ಇಟ್ಟೆ. ಬೆಸುಗೆಗಳು ಒಂದರ ಮೇಲೊಂದು ಕೂರಲಿಲ್ಲ, ಒಂದು ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ. ಗೆರೆಗಳು ಮಾತ್ರ ಮೂರೂ ಸೇರಿ ಒಂದೇ ಗೆರೆಯಾದವು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮೂರು ಬೇರೆ ಬೇರೆ ಪೈಪುಗಳು ಮಾತಾಡಿಕೊಂಡು ಒಂದೇ ಅಚ್ಚಿನ ಬಿರುಕು ಬಿಡುವುದಿಲ್ಲ. ಆ ಗೆರೆ ಪೈಪಿನದಲ್ಲ, ಫಿಲ್ಮ್ ಇಡುವ ಚೀಲದ್ದು. ಆ ಚೀಲದೊಳಗೆ ಫಿಲ್ಮಿನ ಎರಡೂ ಬದಿಗೆ ತೆಳುವಾದ ಸೀಸದ ಹಾಳೆ ಇರುತ್ತದೆ. ಹಾಳೆಗೆ ಗೀರು ಬಿದ್ದರೆ ಅದು ಫಿಲ್ಮಿನಲ್ಲಿ ಕಪ್ಪು ಗೆರೆಯಾಗಿ ಮೂಡುತ್ತದೆ. ಏಜೆನ್ಸಿಯವನನ್ನು ಕೇಳಿದೆ. ಆ ಮೂರನ್ನೂ ಒಂದೇ ಚೀಲದಲ್ಲಿ ತೆಗೆದಿದ್ದು ನಿಜ, ಆದರೆ ಚೀಲ ಹರಿದಿತ್ತೆಂದು ಹಾಳೆಯ ಸಮೇತ ಎಸೆದುಬಿಟ್ಟಿದ್ದೇವೆ ಎಂದ. ಹೊಸ ಚೀಲದಲ್ಲಿ ಮತ್ತೆ ಎಕ್ಸ್‌ರೇ ತೆಗೆಸಿದೆ. ಗೆರೆ ಇಲ್ಲ. ಕುಣಿಯುತ್ತಲೇ ಹಿರೇಮಠರ ಕೋಣೆಗೆ ಹೋದೆ.

ಹಿರೇಮಠರು ಕುಣಿಯಲಿಲ್ಲ. ಹಳೆಯ, ಹೊಸ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಶಾಂತಕ್ಕಾರ, ಕಿರಣ ಬಿರುಕಿನ ಜೋಡಿ ನೆಟ್ಟಗ ಹೋದ್ರ ಅಷ್ಟ ಬಿರುಕು ಕಾಣತೈತಿ, ಚೂರು ಓರೆ ಆತಂದ್ರ ಕಾಣೂದಿಲ್ಲ. ಇದನ್ನ ನನಗ ಕಲಿಸಿದವರು ನೀವ. ಎರಡನೇ ಸಲ ಕಾಣಲಿಲ್ಲ ಅಂದ್ರ ಇಲ್ಲ ಅಂತ ಹೆಂಗ್ರಿ? ಮೊದಲನೇ ಫಿಲ್ಮಿಗೆ ಅದರ ಖರೇ, ಎರಡನೇದಕ್ಕ ಅದರ ಖರೇ."

ನಾನು ಕಲಿಸಿದ್ದನ್ನೇ ತಿರುಗಿಸಿ ನನಗೆ ಹೊಡೆದಿದ್ದರು. ಗೆರೆಗಳು ಕೂಡಿಕೊಂಡದ್ದನ್ನು ತೋರಿಸಿದೆ. ಅದು ನಿಮ್ಮ ಕಣ್ಣಿಗೆ ಹಾಗೆ ಕಾಣುತ್ತದೆ, ಏಜೆನ್ಸಿಯವನ ಕಣ್ಣಿಗೆ ಹೀಗೆ ಕಾಣುತ್ತದೆ, ಇಬ್ಬರೂ ಓದಿದವರೇ ಎಂದರು. ಆಮೇಲೆ ದನಿ ತಗ್ಗಿಸಿ ಅಸಲಿ ಮಾತಿಗೆ ಬಂದರು.

"ಇದ್ದ ಬಿರುಕನ್ನ ಇಲ್ಲ ಅಂದ್ರ ಪೈಪ್ ಸಿಡಿತೈತಿ, ಜನಾ ಸಾಯ್ತಾರ. ಇಲ್ಲದ ಬಿರುಕನ್ನ ಐತಿ ಅಂದ್ರ ಏನಾಕ್ಕೈತ್ರಿ? ಏನೂ ಸಿಡಿಯೂದಿಲ್ಲ. ಅಂಥಾ ಸುಳ್ಳು ಪಾಪ ಅಲ್ರಿ, ಅದು ಎಚ್ಚರಿಕಿ. ಒಬ್ಬ ವೆಲ್ಡರ್ ಹೋದ್ರ ಇನ್ನೊಬ್ಬ ಬರ್ತಾನ."

ನಾನು ನಿಜಕ್ಕೂ ಸಿಟ್ಟಿಗೆದ್ದೆ. ಅವರ ಮಾತಿನಲ್ಲಿ ತೂಕವಿತ್ತು, ಅದಕ್ಕೇ ಸಿಟ್ಟು ಹೆಚ್ಚಾಯಿತು. ನಮ್ಮ ಕೆಲಸದಲ್ಲಿ ಅನುಮಾನ ಬಂದರೆ ಫೇಲ್ ಮಾಡುವುದೇ ಧರ್ಮ, ನಾನೂ ಹಾಗೆಯೇ ನಡೆದವಳು. ಆದರೆ ಅನುಮಾನವಿದೆ ಎಂದು ಬರೆಯುವುದು ಒಂದು, ಬಿರುಕಿದೆ ಎಂದು ಬರೆಯುವುದು ಇನ್ನೊಂದು. ಸುರಕ್ಷಿತ ಎನ್ನುವ ಕಾರಣಕ್ಕೆ ಸುಳ್ಳು ನಿಜವಾಗುವುದಿಲ್ಲ.

"ಹಂಗಿದ್ರ ಎಲ್ಲಾ ಜಾಯಿಂಟ್‌ನೂ ಫೇಲ್ ಮಾಡ್ರಿ ಹಿರೇಮಠರ, ಇನ್ನೂ ಸುರಕ್ಷಿತ," ಎಂದೆ. "ಪೈಪ್ ಸಿಡಿಯೂದಿಲ್ಲ, ಖರೇ ಐತಿ. ಆ ಮನಷ್ಯಾನ ಬಾಳೇ ಸಿಡಿತೈತಲ್ರಿ, ಅದನ್ನ ಯಾರು ವೆಲ್ಡಿಂಗ್ ಮಾಡವ್ರು?"

ಅವರು ಗೊಂಬೆಯನ್ನು ಅತ್ತಿತ್ತ ಸರಿಸಿದರು. ನಾನು ಬಿಡಲಿಲ್ಲ. ಬಿರುಕು ಬಿಟ್ಟ ಜಾಯಿಂಟುಗಳು ಎಂದು ಮೂರನ್ನೂ ಕೊಯ್ದು ತೆಗೆಯುವುದು ಹೇಗೂ ಇತ್ತು. ಬೆಸುಗೆಯ ಸಮೇತ ಬಳೆಯಂತೆ ಕೊಯ್ದ ಆ ತುಂಡುಗಳು ಗುಜರಿಗೆ ಹೋಗುತ್ತಿದ್ದವು. ಅವನ್ನು ನನಗೆ ಕೊಡಿ, ಹೋಳು ಮಾಡಿ ಆಸಿಡ್ ಹಚ್ಚಿ ತೋರಿಸುತ್ತೇನೆ ಎಂದೆ. ಹಚ್ಚಿದ ಆಸಿಡ್ ಲೋಹದ ಒಳಗಿನ ರಚನೆಯನ್ನು ಎತ್ತಿ ತೋರಿಸುತ್ತದೆ, ಬಿರುಕಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಆಗ ಯಾರ ಕಣ್ಣು ಯಾವ ಕಡೆಯಿಂದ ನೋಡಿದರೂ ಇರುವುದು ಇರುತ್ತದೆ.

"ಬಿರುಕು ಸಿಕ್ಕರ?" ಎಂದರು.

"ಸಿಕ್ಕರ ನಿಮ್ಮ ಸಹಿ ಬಾಜೂಕ ನನ್ನ ಸಹಿ. ಇನ್ನೊಮ್ಮೆ ನಿಮ್ಮ ಜೋಡಿ ವಾದ ಮಾಡೂದಿಲ್ಲ."

"ಇದು ದೊಡ್ಡ ಪಣ ಆತ್ರಿ," ಎಂದು ನಕ್ಕು ಒಪ್ಪಿದರು. ಅದೇ ಅವರ ದೊಡ್ಡತನ. ಎಷ್ಟೋ ಮೇಲಧಿಕಾರಿಗಳು ಆ ಬಳೆಗಳನ್ನು ಗುಜರಿಗೆ ಹಾಕಿಸಿ ಕೈ ತೊಳೆದುಕೊಳ್ಳುತ್ತಿದ್ದರು.

ಕಾರ್ಖಾನೆಯಲ್ಲಿ ನೈಟ್ರಿಕ್ ಆಸಿಡ್ ಇರಲಿಲ್ಲ. ತರಿಸಲು ಹೇಳಿದರೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಅಪ್ಪಲರಾಜು ಗೇಟಿನಾಚೆ ಇರುತ್ತಾನೆ. ನಾನೇ ಗವರ್ನರ್‌ಪೇಟೆಗೆ ಹೋದೆ. ಆಟೋಗಳ ನಡುವೆ ನುಸುಳಿಕೊಂಡು, ಲ್ಯಾಬ್ ಸಾಮಾನಿನ ಅಂಗಡಿಯೊಂದನ್ನು ಹುಡುಕಿ ಆಸಿಡ್ ಕೇಳಿದರೆ, ಅಂಗಡಿಯವನು ನನ್ನ ಕೈಬಳೆ ನೋಡಿ, "ಬಂಗಾರದ ಕೆಲಸವಾ ಅಮ್ಮಾ?" ಎಂದ. ಅಲ್ಲಿ ಅದನ್ನು ಹೆಚ್ಚಾಗಿ ಕೊಳ್ಳುವವರು ಅಕ್ಕಸಾಲಿಗರು, ಅಸಲಿ ಯಾವುದು ನಕಲಿ ಯಾವುದು ಎಂದು ಒರೆಹಚ್ಚಿ ನೋಡಲು. "ಹೂಂ, ಅಂಥದ್ದೇ," ಎಂದೆ. ಅವನು ಬಾಟಲಿಯನ್ನು ಕಾಗದದಲ್ಲಿ ಸುತ್ತುತ್ತಾ ಸೀರೆಗೆ ಚೆಲ್ಲಿಕೊಳ್ಳಬೇಡಿ ಎಂದು ಬುದ್ಧಿ ಹೇಳಿದ.

ಬಳೆಗಳನ್ನು ಕೊಯ್ದರು. ಫಿಲ್ಮಿನಲ್ಲಿ ಗೆರೆ ಇದ್ದ ಜಾಗವನ್ನು ಪೈಪಿನ ಮೇಲೆ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು, ಅಲ್ಲೇ ಹೋಳು ಮಾಡಿಸಿದೆ. ಅಪ್ಪಲರಾಜು ಕೈ ಹಾಕಲು ಬಂದ. "ನೀನು ದೂರ ನಿಂತ್ಕೋ. ನೀನು ಮುಟ್ಟಿದ್ದನ್ನು ನಾಳೆ ಯಾರೂ ನಂಬಲ್ಲ," ಎಂದೆ. ಅವನು ಕಂಬಕ್ಕೆ ಒರಗಿ ನಿಂತ. ಹೋಳುಗಳನ್ನು ನಾನೇ ಉಜ್ಜಿದೆ, ಮೊದಲು ಒರಟು ಪಾಲಿಷ್ ಕಾಗದದಲ್ಲಿ, ಆಮೇಲೆ ನಯವಾದದ್ದರಲ್ಲಿ, ಲೋಹದಲ್ಲಿ ಮುಖ ಕಾಣುವವರೆಗೆ. ಭುಜ ಬಿದ್ದುಹೋಯಿತು. ಸುತ್ತ ಹಿರೇಮಠರು, ಮೂರ್ತಿಗಾರು, ಏಜೆನ್ಸಿಯವನು, ಕೆಲಸ ಬಿಟ್ಟು ಬಂದ ಅರ್ಧ ಕಾರ್ಖಾನೆ. ಬೇಕೆಂದೇ ನಾನು ಯಾರನ್ನೂ ಚದುರಿಸಲಿಲ್ಲ.

ಹತ್ತಿಯನ್ನು ಆಸಿಡ್‌ನಲ್ಲಿ ಅದ್ದಿ ಮೊದಲ ಹೋಳಿಗೆ ಹಚ್ಚಿದೆ. ಕನ್ನಡಿಯಂತಿದ್ದ ಲೋಹ ಮಂಕಾಯಿತು, ಮಂಕಿನೊಳಗಿಂದ ಬೆಸುಗೆಯ ಪದರಗಳು ಒಂದೊಂದಾಗಿ ಮೇಲೆದ್ದವು, ಕೊಯ್ದಿಟ್ಟ ಈರುಳ್ಳಿಯ ಪದರಗಳ ಹಾಗೆ. ಗೆರೆಗಳು ಕೂಡಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೆ, ಆದರೂ ಮತ್ತೆ ಮತ್ತೆ ಬಗ್ಗಿ ನೋಡಿದೆ. ಬಿರುಕು ಇರಲಿಲ್ಲ. ಬುಡ ಕರಗಿ ಕೂಡಿತ್ತು, ಪದರಗಳು ಒಂದಕ್ಕೊಂದು ಅಪ್ಪಿಕೊಂಡಿದ್ದವು. ಹಿರೇಮಠರು ಭೂತಗನ್ನಡಿ ಹಿಡಿದು ನೋಡಿದರು, ಮೂರ್ತಿಗಾರಿಗೆ ದಾಟಿಸಿದರು. ಎರಡನೇ ಬಳೆಯ ಹೋಳಿನಲ್ಲೂ ಬಿರುಕಿಲ್ಲ. ಮೂರನೆಯದರಲ್ಲೂ ಇಲ್ಲ. ಮೊದಲಿನಿಂದಲೂ ನನ್ನ ಪರವಾಗಿದ್ದವನ ಹಾಗೆ ಏಜೆನ್ಸಿಯವನೂ ತಲೆ ಆಡಿಸತೊಡಗಿದ. ನಾನು ಗೆದ್ದಿದ್ದೆ. ಇಡೀ ಕೊಂಡಪಲ್ಲಿಗೆ ಕೇಳುವಂತೆ ಕೂಗಬೇಕೆನಿಸಿತು.

"ಇಲ್ಲೊಂದು ಏನೋ ಐತಲ್ರಿ," ಎಂದರು ಹಿರೇಮಠರು.

ಮೂರನೇ ಹೋಳಿನ ಮೇಲಿನ ಪದರದಲ್ಲಿ ಗಸಗಸೆ ಕಾಳಿನಷ್ಟು ಒಂದು ಗಾಳಿಗುಳ್ಳೆ ಇತ್ತು. ಫಿಲ್ಮಿನಲ್ಲಿ ಯಾರ ಕಣ್ಣಿಗೂ ಬೀಳದಷ್ಟು ಚಿಕ್ಕದು. ಯಾವ ನಿಯಮದಲ್ಲೂ ಅದು ಪಾಸೇ. ಮೂರ್ತಿಗಾರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಇದನ್ನು ಬರೆಯೋದು ಬೇಡ ಮೇಡಂ. ಪಾಪ, ಅವನು ಇಷ್ಟು ಅನುಭವಿಸಿದ್ದಾನೆ. ಯಾವ ದೋಷವೂ ಇಲ್ಲ ಅಂತ ಸ್ವಚ್ಛವಾಗಿ ಬರೆದುಬಿಡಿ, ಮುಗಿದುಹೋಗಲಿ."

ಸುತ್ತಲಿದ್ದವರೆಲ್ಲ ಅದೇ ಸರಿ ಎಂದರು. ಈ ಸಲ ಸುಳ್ಳು ನನ್ನ ಕಡೆ ಬಂದು ನಿಂತಿತ್ತು, ಅದೂ ಕರುಣೆಯ ವೇಷದಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಕಂಬದ ಬಳಿಯಿಂದ ಅಪ್ಪಲರಾಜು ಬಂದ. ಭೂತಗನ್ನಡಿ ಇಸಿದುಕೊಂಡು ಆ ಗುಳ್ಳೆಯನ್ನು ಬಹಳ ಹೊತ್ತು ನೋಡಿದ.

"ಬರೀರಿ ಅಮ್ಮಾ," ಎಂದ. "ಗುಳ್ಳೆ ನಂದು. ಬಿರುಕು ನಂದಲ್ಲ. ಎರಡೂ ಬರೀರಿ."

ನಾನು ಎರಡನ್ನೂ ಬರೆದೆ. ಹಿರೇಮಠರು ಓದಿ, ತಮ್ಮ ಹಳೆಯ ಸಹಿಯ ಕೆಳಗೆ ಹೊಸದಾಗಿ ಸಹಿ ಹಾಕಿದರು. ನನ್ನ ಕಡೆ ತಿರುಗಿ, "ಗುಳ್ಳಿ ಎಷ್ಟು ದೊಡ್ಡದಿದ್ರ ನಡಿತೈತಿ ಅನ್ನೂದು ನಾವು ಮಾಡ್ಕೊಂಡದ್ದು ಅಂತ ನಾ ಇನ್ನೂ ಅಂತೀನ್ರಿ ಶಾಂತಕ್ಕಾರ," ಎಂದರು. "ಅನ್ರಿ, ಅದನ್ನ ನಾನೂ ಅಂತೀನಿ," ಎಂದೆ. ಅವರು ಮೇಜಿನ ಖಾನೆಯಿಂದ ಕಾರ್ಡ್ ತರಿಸಿ, ಎಲ್ಲರೆದುರು ಅದನ್ನು ತಾವೇ ಅಪ್ಪಲರಾಜುವಿನ ಕೈಗೆ ಕೊಟ್ಟರು. ತಮ್ಮ ಮುರುಕು ತೆಲುಗಿನಲ್ಲಿ, "ತಪ್ಪು ಮಾದಿ," ಎಂದರು, ತಪ್ಪು ನಮ್ಮದು ಎಂದು.

ಅಪ್ಪಲರಾಜು ಕಾರ್ಡನ್ನು ಜೇಬಿಗೆ ಹಾಕಿಕೊಂಡ. ಅಲ್ಲೇ ನೆಲದ ಮೇಲೆ, ಜಾಯಿಂಟು ಕೊಯ್ದ ಪೈಪುಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಅವನು ಮುಖವಾಡ ಎತ್ತಿಕೊಂಡು, "ಮೊದಲು ಯಾವುದು ಹಾಕಲಿ?" ಎಂದ.